ಬಾಗಿಲ ಪಕ್ಕದ ಕತ್ತಿ

ಎಪ್ಪತ್ತೆಂಟನೇ ಇಸವಿಯ ಶ್ರಾವಣದ ಕೊನೆಯ ಸೋಮವಾರ. ಬಿಸಿಲು ಇನ್ನೂ ಮಾಳಿಗೆಗಳ ಮೇಲಷ್ಟೇ ಬಿದ್ದಿತ್ತು, ಓಣಿಗೆ ಇಳಿದಿರಲಿಲ್ಲ. ಜಗಳೂರಿನಿಂದ ಎರಡು ಹರದಾರಿ ದೂರದ ಆ ಹಟ್ಟಿಯಲ್ಲಿ ಅಂಜಮ್ಮ ಬೇವಿನ ಕಟ್ಟೆಯ ಮೇಲೆ ಕೂತು, ಬಿತ್ತನೆಗೆ ಇಟ್ಟು ಉಳಿದಿದ್ದ ಶೇಂಗಾ ಕಾಯಿಯ ಚೀಲದ ಬಾಯಿ ಬಿಚ್ಚುತ್ತಿದ್ದಳು. ಕಟ್ಟೆಯ ಕೆಳಗೆ ಹೆಂಗಸರು ತಮ್ಮ ತಮ್ಮ ಮೊರ ಹಿಡಿದು ಸಾಲಾಗಿ ಕೂತಿದ್ದರು. ಕೆಲವರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಒಬ್ಬಳು ಹಬ್ಬಕ್ಕೆಂದು ತೆಗೆದಿಟ್ಟಿದ್ದ ಸೀರೆಯನ್ನೇ ಉಟ್ಟಿದ್ದಳು.

ಅವತ್ತು ಅಡಿಕೆ ಸುಲಿಯಲು ಹೋಗುವವರನ್ನು ಆರಿಸುವ ದಿನ. ಸಂತೇಬೆನ್ನೂರಿನ ಕಲ್ಲೇಶಪ್ಪನವರು ಚೇಣಿ ಮಾಡುತ್ತಿದ್ದರು. ಅಂದರೆ ಮರದ ಮೇಲಿದ್ದ ಫಸಲನ್ನೇ ಬೆಲೆ ಕಟ್ಟಿ ಕೊಂಡುಕೊಂಡು, ಕೊಯ್ಯಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವುದು. ಅವರ ಕಣದಲ್ಲಿ ಹನ್ನೆರಡು ಕತ್ತಿ. ಮಣೆಗೆ ಕೂರಿಸಿದ ಬಾಗಿದ ಕತ್ತಿ, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಆ ಹನ್ನೆರಡು ಜನರನ್ನು ಕರೆದುಕೊಂಡು ಹೋಗಿ, ಸುಗ್ಗಿ ಮುಗಿಯುವ ತನಕ ಅಲ್ಲೇ ಇದ್ದು ದುಡಿಸುವ ಹೊಣೆ ಅಂಜಮ್ಮನದು. ಸಾಹುಕಾರರು ಈ ಹಟ್ಟಿಗೆ ಒಮ್ಮೆಯೂ ಬಂದವರಲ್ಲ. ಅಂಜಮ್ಮ ಆರಿಸಿದರೆ ಅವರು ಆರಿಸಿದ ಹಾಗೆ. ಕಣದಲ್ಲಿ ಬಾಗಿಲ ಪಕ್ಕದ ಕತ್ತಿ ಗುಂಪಿನ ಯಜಮಾನಿಗೆ ಮೀಸಲು. ಅಲ್ಲಿ ಬೆಳಕು ಚೆನ್ನ, ಗಾಳಿ ಚೆನ್ನ, ಹೋಗುವವರು ಬರುವವರು ಮೊದಲು ಮಾತಾಡಿಸುವುದೂ ಅಲ್ಲಿ ಕೂತವಳನ್ನೇ.

ಈ ಬಯಲುಸೀಮೆಯಲ್ಲಿ ಅಡಿಕೆ ಎಲ್ಲಿಂದ ತರಬೇಕು? ಅದಕ್ಕೇ ಅಂಜಮ್ಮ ಶೇಂಗಾ ಕೊಟ್ಟು ಕೈ ನೋಡುತ್ತಿದ್ದಳು. ಬೇಗ ಸುಲಿದವಳೇ ಗೆದ್ದಳು ಎಂದು ಹೊಸಬರು ತಿಳಿದುಕೊಂಡು ಪಟಪಟ ಸದ್ದು ಮಾಡುತ್ತಿದ್ದರು. ಅಂಜಮ್ಮ ಸಾಲಿನುದ್ದಕ್ಕೂ ನಡೆಯುತ್ತ ಒಬ್ಬೊಬ್ಬರನ್ನೂ ಮಾತಾಡಿಸುತ್ತಿದ್ದಳು. ನಿಮ್ಮ ಕೆಂಪು ಕೋಳಿ ಕಾವಿಗೆ ಕೂತಿತಾ, ನಿನ್ನ ಮೈದುನ ಕುರಿ ಹಟ್ಟಿಯಿಂದ ಬಂದನಾ ಎಂದು ಕೇಳುವಳು. ಉತ್ತರ ಹೇಳುವಾಗ ಯಾರ ಕೈ ನಿಲ್ಲುತ್ತದೆ, ಯಾರ ಕೈ ನಿಲ್ಲುವುದಿಲ್ಲ ಎಂದು ನೋಡುವಳು. ಹನ್ನೆರಡು ಹೆಂಗಸರು ಒಂದು ಕಡೆ ಕೂತ ಮೇಲೆ ಮಾತು ಇದ್ದೇ ಇರುತ್ತದೆ. ಮಾತಿಗೆ ಕೈ ನಿಲ್ಲಿಸುವವಳು ಕಣಕ್ಕೆ ಆಗಿಬರುವುದಿಲ್ಲ ಎಂಬುದು ಅವಳು ಕಂಡುಕೊಂಡಿದ್ದ ಸತ್ಯ.

ಗುಂಪಿನ ಹಳಬಳು ದ್ಯಾಮಮ್ಮನಿಗೆ ಪರೀಕ್ಷೆ ಬೇಕಿರಲಿಲ್ಲ. ಆದರೂ ಮೊರ ತಂದು ಕೂತಿದ್ದಳು.

“ದೊಡ್ಡವ್ವ, ಕೆಲಸ ಕೊಡ್ತೀನಿ ಅಂತ ಕರೆದು ವರ್ಷಾ ವರ್ಷಾ ನಿನ್ನ ಶೇಂಗಾ ಬಿಟ್ಟಿ ಸುಲಿಸ್ಕೊಂತೀಯ ನೋಡು. ಸಾವ್ಕಾರ್ಕಿ ಮಾಡಾದು ನಿನ್ನ ನೋಡಿ ಕಲೀಬೇಕು.”

“ಸುಲಿದಿದ್ರಾಗೆ ಅರ್ಧ ನಿನ್ನ ಬಾಯಿಗೇ ಹೋಗತೈತಲ್ಲ,” ಎಂದಳು ಅಂಜಮ್ಮ. “ಅದನ್ನ ಬಿಟ್ಟಿ ಅಂತಾರೆ.”

ಸಾಲಿನ ತುದಿಯಲ್ಲಿ ಸುಂಕಲಮ್ಮ ಕೂತಿದ್ದಳು. ತಿಪ್ಪೇಶಪ್ಪನ ಹೆಂಡತಿ, ಇಪ್ಪತ್ತೆರಡು ಇಪ್ಪತ್ತಮೂರರ ಹೆಣ್ಣು. ಎರಡು ಸುಗ್ಗಿ ಹಿಂದೆ ಹೊಸಬಳಾಗಿ ಬಂದು ಹಳಬರನ್ನು ಮೀರಿಸಿದ ಕೈ ಅವಳದು. ಹೋದ ವರ್ಷ ಬಸುರಿಯಾದ್ದರಿಂದ ಬಂದಿರಲಿಲ್ಲ. ಗುಂಪಿನಲ್ಲಿ ಒಂದು ವಾಡಿಕೆ ಇತ್ತು. ಒಂದು ಸುಗ್ಗಿ ತಪ್ಪಿದರೆ ಕತ್ತಿಯನ್ನು ಕಾಯ್ದಿಡುತ್ತಿದ್ದರು, ಎರಡನೆಯದೂ ತಪ್ಪಿದರೆ ಅದು ಬೇರೆಯವಳ ಪಾಲು. ಆಮೇಲೆ ಯಾರಾದರೂ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನೊಂದು ಕಟ್ಟಳೆ ಸಾಹುಕಾರರದು. ಕಣಕ್ಕೆ ಕೂಸು ತರುವಂತಿಲ್ಲ. ಮೊಲೆ ಕುಡಿಯುವ ಮಗುವಿದ್ದವಳು ಅದನ್ನು ಊರಲ್ಲಿ ಬಿಟ್ಟು ಬರಬೇಕು, ಇಲ್ಲವೇ ತಾನೇ ಉಳಿಯಬೇಕು.

ಅಂಜಮ್ಮ ಅವಳ ಎದುರು ಕುಕ್ಕರುಗಾಲಲ್ಲಿ ಕೂತಳು.

“ಕೂಸಿಗೆ ಹಾಲು ಬಿಡಿಸಿದ್ಯೇನೇ?”

“ಬಿಡಿಸೀನಿ, ದೊಡ್ಡವ್ವ.”

ಅವಳ ಕೈ ನಿಂತಿತು. ಮರುಕ್ಷಣವೇ ಮೊದಲಿಗಿಂತ ಜೋರಾಗಿ ಸುಲಿಯತೊಡಗಿತು. ಅಷ್ಟರಲ್ಲಿ ಅಂಜಮ್ಮನ ಮೂಗಿಗೆ ಮಲ್ಲಿಗೆಯ ವಾಸನೆ ಬಡಿಯಿತು. ಸುಂಕಲಮ್ಮನ ತುರುಬಿನಲ್ಲಿ ಒಂದು ಎಸಳು ಹೂವಿರಲಿಲ್ಲ.

ಹಾಲು ಬತ್ತಿಸಬೇಕೆಂದರೆ ಮಲ್ಲಿಗೆ ಮೊಗ್ಗನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಳ್ಳುವುದು ಆ ಕಡೆಯ ಹೆಂಗಸರಿಗೆಲ್ಲ ಗೊತ್ತಿದ್ದ ಉಪಾಯ. ಗುಂಪಿಗೆ ಬರುವ ಬಾಣಂತಿಯರಿಗೆ ಅದನ್ನು ಹೇಳಿಕೊಡುತ್ತಿದ್ದವಳೂ ಅಂಜಮ್ಮನೇ. ವಾಸನೆ ಇನ್ನೂ ಹಸಿ ಇದೆ ಎಂದರೆ ಕಟ್ಟಿಕೊಂಡು ಒಂದು ರಾತ್ರಿಯೂ ಸರಿಯಾಗಿ ಕಳೆದಿಲ್ಲ. ಅಂಜಮ್ಮ ಎದ್ದು ಕಟ್ಟೆಗೆ ಹೋದಳು. ತನ್ನನ್ನೂ ಸೇರಿಸಿ ಹನ್ನೊಂದು ಜನರ ಹೆಸರು ಹೇಳಿ, ಉಳಿದವರಿಗೆ ಮುಂದಿನ ವರ್ಷ ಬನ್ನಿ ಎಂದು, ಸುಲಿದ ಬೀಜವನ್ನು ಎಲ್ಲರ ಸೆರಗಿಗೂ ಒಂದೊಂದು ಹಿಡಿ ಹಾಕಿದಳು. ಸುಂಕಲಮ್ಮನ ಹತ್ತಿರ ಬಂದಾಗ ಮಾತ್ರ, ನಿಂದು ಸಂಜಿಗೆ ಹೇಳ್ತೀನಿ ಎಂದಳು.

ಸಂಜೆ ದನ ಬರುವ ಹೊತ್ತಿಗೆ ಅಂಜಮ್ಮ ಅವರ ಮನೆಗೆ ಹೋದಳು. ಸುಂಕಲಮ್ಮನ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ರಾಗಿ ಸರಿ ಕುಡಿಸಲು ನೋಡುತ್ತಿದ್ದಳು. ಐದು ತಿಂಗಳ ಹೆಣ್ಣು ಕೂಸು. ಒಳಳೆಯಲ್ಲಿ ಬಾಯಿಗೆ ಹಾಕಿದ್ದನ್ನೆಲ್ಲ ನಾಲಿಗೆಯಿಂದ ನೂಕಿ ಗದ್ದ, ಕುತ್ತಿಗೆಯನ್ನೆಲ್ಲ ರಾಡಿ ಮಾಡಿಕೊಂಡಿತ್ತು. ಎರಡು ದಿನ ಅತ್ತು ಮೂರನೇ ದಿನ ಕುಡಿಯುತ್ತದೆ, ನಮ್ಮ ಮಕ್ಕಳೆಲ್ಲ ಹಾಗೇ ಬೆಳೆದವರು ಎಂದು ಮುದುಕಿ ಅಂಜಮ್ಮನಿಗೆ ಧೈರ್ಯ ಹೇಳಿದಳು. ತಿಪ್ಪೇಶಪ್ಪನೂ ಹೆಂಡತಿ ಹೋಗಲಿ ಎಂದೇ ಇದ್ದ. ಆ ಕತ್ತಿ ಅವಳು ಸಂಪಾದಿಸಿದ್ದು, ಈ ವರ್ಷ ಬಿಟ್ಟರೆ ಮತ್ತೆ ಸಿಗುವುದಿಲ್ಲ, ರಾತ್ರಿ ಹೊತ್ತು ಕೂಸನ್ನು ನಾನೇ ಮಲಗಿಸಿಕೊಳ್ಳುತ್ತೇನೆ ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಸುಂಕಲಮ್ಮ ಒಳಗಿನಿಂದ ಬಂದು ಅತ್ತೆಯ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. ಗೋಡೆಗೆ ಒರಗಿ ಕೂತು ಸೆರಗಿನೊಳಗೆ ಹಾಕಿಕೊಂಡಳು. ಅಳು ತಟ್ಟನೆ ನಿಂತಿತು. ಅಂಗಳದ ಮೂಲೆಯಲ್ಲಿ ಬಾಡಿದ ಮೊಗ್ಗು ಚೆಲ್ಲಿದ್ದವು.

“ಬೆಳಿಗ್ಗೆ ಸುಳ್ಳು ಹೇಳ್ದೆ, ದೊಡ್ಡವ್ವ. ನಿನ್ನೆ ರಾತ್ರಿ ಕಟ್ಕೊಂಡಿದ್ದೆ. ಈಗ ಬಿಚ್ಚಿ ಒಗೆದೆ.”

“ಗೊತ್ತಾತು.”

“ಕೂಸನ್ನ ಬಿಟ್ಟು ಬರಲ್ಲ. ಕತ್ತೀನೂ ಬಿಡಲ್ಲ.”

ಎರಡೂ ಹೇಗೆ ಆಗುತ್ತದೆ ಎಂದು ಅಂಜಮ್ಮ ಕೇಳಿದಳು. ಸಾಹುಕಾರರನ್ನು ಒಂದು ಸಲ ಕೇಳಿ ನೋಡಿದ್ದೀಯಾ ಎಂದು ಸುಂಕಲಮ್ಮ ತಿರುಗಿ ಕೇಳಿದಳು.

“ಕೇಳಾಕೆ ಏನೈತೆ? ಅವರು ಬ್ಯಾಡ ಅಂದಿರಾದು ನಂಗೆ ಗೊತ್ತೈತೆ.”

“ಯಾಕೆ ಬ್ಯಾಡ ಅಂದ್ರು ಅನ್ನಾದು ಗೊತ್ತೈತಾ?”

ತಮಗಿಂತ ಮೊದಲು ಆ ಕಣಕ್ಕೆ ಹೊನ್ನಾಳಿ ಕಡೆಯ ಗುಂಪು ಬರುತ್ತಿತ್ತು, ಮಕ್ಕಳ ವಿಷಯವಾಗಿಯೇ ಅವರನ್ನು ಬಿಡಿಸಿದರು ಎಂದಷ್ಟೇ ಅಂಜಮ್ಮ ಕೇಳಿದ್ದಳು. ಅಷ್ಟೇ ಸಾಕಾಗಿತ್ತು. ಆ ಕಟ್ಟಳೆಯಿಂದಲೇ ತಮಗೆ ಕಣ ಸಿಕ್ಕಿದೆ ಎಂದ ಮೇಲೆ ಯಾಕೆ ಏನು ಎಂದು ಕೆದಕುವವರು ಯಾರು? ಅವಳು ತನ್ನ ಅಂಜಿಕೆಯನ್ನು ನೇರವಾಗಿಯೇ ಹೇಳಿದಳು.

“ನಿನ್ನೊಬ್ಬಳ ಸಲುವಾಗಿ ಕೇಳಾಕೆ ಹೋಗಿ ಹನ್ನೆರಡು ಕತ್ತೀನೂ ಹೋದ್ರೆ? ಹಟ್ಟಿಗೆ ಏನಂತ ಹೇಳ್ಲಿ?”

“ಗುಂಪಿನ ಮಾತು ನೀ ಎತ್ತಬ್ಯಾಡ. ನಂದು ನಾನೇ ಕೇಳ್ತೀನಿ. ಬ್ಯಾಡ ಅಂದ್ರೆ ನನಗೊಬ್ಬಳಿಗೆ ಬ್ಯಾಡ. ನೀ ಸುಮ್ಮನೆ ಜೊತೆಗೆ ಬಾ.”

ಆರಿಸಿದ ಮೇಲೆ ಅಂಜಮ್ಮ ಒಮ್ಮೆ ಸಂತೇಬೆನ್ನೂರಿಗೆ ಹೋಗಿ ಸಾಹುಕಾರರಿಗೆ ಹೇಳಿ, ಲಾರಿ ಬರುವ ದಿನ ಗೊತ್ತು ಮಾಡಿಕೊಂಡು ಬರುವುದು ಪದ್ಧತಿ. ಈ ಸಲ ಬುಧವಾರ ಇಬ್ಬರೂ ಹೊರಟರು. ಮೊದಲ ಬಸ್ಸಿಗೆ ದಾವಣಗೆರೆ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಅಂಜಮ್ಮ ಹೇಳಿಕೊಡುತ್ತಲೇ ಇದ್ದಳು. ಹೋದ ಕೂಡಲೇ ಕೂಸನ್ನು ತೋರಿಸಬೇಡ. ಅದನ್ನು ಹಿತ್ತಲಲ್ಲಿ ಸಾಹುಕಾರರ ಮನೆಯ ಅಮ್ಮನವರ ಹತ್ತಿರ ಮಲಗಿಸು. ಮೊದಲು ಕ್ಷೇಮ ಸಮಾಚಾರ ಕೇಳು, ಈ ವರ್ಷ ಫಸಲು ಬಲು ಚೆನ್ನಾಗಿದೆಯಂತೆ ಅನ್ನು, ಅವರು ನಕ್ಕರೆ ಆಮೇಲೆ ಮಾತು ತೆಗೆ. ಸುಂಕಲಮ್ಮ ಎಲ್ಲದಕ್ಕೂ ಹೂಂ ಎಂದಳು. ಬಸ್ಸು ಬಯಲು ದಾಟಿ ಭದ್ರಾ ನಾಲೆಯ ಹಸಿರಿನೊಳಗೆ ಇಳಿಯುವ ಹೊತ್ತಿಗೆ ಕೂಸು ನಿದ್ದೆ ಹೋಗಿತ್ತು. ಸಂತೇಬೆನ್ನೂರಿನಲ್ಲಿ ಇಳಿದು ಕಣದ ಬಾಗಿಲು ಬಂದಾಗ ಸುಂಕಲಮ್ಮ ಹಿತ್ತಲ ಕಡೆ ತಿರುಗಲಿಲ್ಲ. ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡೇ ನೇರ ಒಳಗೆ ಹೋದಳು.

ಮೊದಲ ಕೊಯ್ಲಿನ ಕಾಯಿ ಬಂದು ಬಿದ್ದಿತ್ತು. ಊರಿನ ಇಬ್ಬರು ಹೆಂಗಸರು ಸುಲಿಯುತ್ತಿದ್ದರು. ಕಲ್ಲೇಶಪ್ಪನವರು ಜಗಲಿಯ ಮೇಲೆ ಕೂತು ಹಸಿ ಕಾಯೊಂದನ್ನು ಒಡೆಸಿ ನೋಡುತ್ತಿದ್ದರು. ಐವತ್ತು ದಾಟಿದ ಆಸಾಮಿ, ಹಣೆಯ ಮೇಲೆ ವಿಭೂತಿ, ಮಾತು ಕಡಿಮೆ. ಅಂಜಮ್ಮನನ್ನು ನೋಡಿ ಬಾ ಎಂದರು. ಹಿಂದೆ ಬಂದವಳ ಸೊಂಟದ ಮೇಲಿದ್ದುದನ್ನು ನೋಡಿ ಕೂತಲ್ಲೇ ನೆಟ್ಟಗಾದರು.

ಒಂದು ಕತ್ತಿ ಕೊಡಿಸಿ, ಸುಮ್ಮನೆ ನಿಂತು ಮಾತಾಡುವುದು ನನಗೆ ಬರುವುದಿಲ್ಲ ಎಂದು ಸುಂಕಲಮ್ಮ ಕೇಳಿದಳು. ಅವರು ಕೈಸನ್ನೆ ಮಾಡಿದರು. ಅವಳು ಗೋಣಿಚೀಲ ಹಾಸಿ ಕೂಸನ್ನು ಎಡಮಗ್ಗುಲಿಗೆ ಮಲಗಿಸಿ, ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು ಕೂತಳು. ಒಂದು ಸುಗ್ಗಿ ಬಿಟ್ಟಿದ್ದರೂ ಕೈಗೆ ಕೆಲಸ ಮರೆತಿರಲಿಲ್ಲ. ಸಿಪ್ಪೆ ಒಂದು ಕಡೆ, ಒಳಗಿನ ಬೆಟ್ಟೆ ಅಡಿಕೆ ಒಂದು ಕಡೆ ಬೀಳತೊಡಗಿತು.

“ಸಾವ್ಕಾರ್ರೆ, ಇದು ನನ್ನ ಮಗಳು. ಐದು ತಿಂಗಳಾತು. ಹಾಲು ಬಿಡಿಸಿಲ್ಲ, ಬಿಡಿಸಾಕೆ ನಂಗೆ ಮನಸೂ ಇಲ್ಲ. ಇದನ್ನ ಕರ್ಕೊಂಡು ಬರಾಕೆ ಬಿಟ್ರೆ ಕೆಲಸಕ್ಕೆ ಬರ್ತೀನಿ.”

ಕೈ ನಿಲ್ಲಲಿಲ್ಲ. ಅಂಜಮ್ಮ ಅದನ್ನೇ ನೋಡುತ್ತಿದ್ದಳು.

“ಏನಿದು, ಅಂಜಮ್ಮ?” ಎಂದರು ಕಲ್ಲೇಶಪ್ಪನವರು.

ಅಂಜಮ್ಮ ನೆಲ ನೋಡಿದಳು. “ಅವಳೇ ಹೇಳ್ತಾಳೆ. ಕೇಳ್ರಿ.”

ಕೂಸು ಅತ್ತರೆ ಕೈ ನಿಲ್ಲುತ್ತದಲ್ಲ ಎಂದರು ಅವರು. ಸುಗ್ಗಿಯಲ್ಲಿ ಕಾಯಿ ಕಾಯುವುದಿಲ್ಲ, ಕೊಯ್ದದ್ದು ರಾಶಿಯಲ್ಲಿ ಬಿಸಿಯಾಗಿ ಕೆಡುತ್ತದೆ. ನನಗೆ ಹನ್ನೆರಡು ಜನರ ಕೈ ಬೇಕು, ಹನ್ನೊಂದೂವರೆ ಅಲ್ಲ ಎಂದರು.

“ಕೈ ನಿಲ್ತತೆ, ಸುಳ್ಳು ಹೇಳಲ್ಲ. ಆದ್ರೆ ನಿಲ್ಲಾಕಿಲ್ಲ ಅಂತ ನೀವು ತಿಳ್ಕೊಂಡಿರೋರ ಕೈಯೂ ನಿಲ್ತತ್ರೀ. ಕೂಸು ಬಿಟ್ಟು ಬಂದ ಅವ್ವಂದಿರು ಹೊತ್ತಿಗೆ ಎರಡು ಸಲ ಆ ಸಿಪ್ಪೆ ರಾಶಿ ಹಿಂದೆ ಎದ್ದು ಹೋಗ್ತಾರೆ. ಬಂದು ಕೂತ ಮೇಲೂ ಅವರ ಜೀವ ಇಲ್ಲಿರಲ್ಲ. ನನ್ನ ಕೂಸು ಇಲ್ಲೇ ಇದ್ರೆ ಒಂದು ಸಲ ಏಳ್ತೀನಿ, ಹಾಲು ಕೊಟ್ಟು ಬಂದು ಕೂತ್ರೆ ಮತ್ತೆ ಊಟಕ್ಕೇ ಏಳಾದು. ಒಂದು ವಾರ ನೋಡ್ರಿ. ದ್ಯಾಮಮ್ಮನ ರಾಶಿಗಿಂತ ನನ್ನ ರಾಶಿ ಕಮ್ಮಿ ಬಿದ್ರೆ ನಾನೇ ಬಸ್ಸು ಹತ್ತುತೀನಿ.”

“ಸಿಪ್ಪೆ ರಾಶಿ ಹಿಂದೆ ಯಾಕೆ ಹೋಗ್ತಾರೆ?”

ಸುಂಕಲಮ್ಮ ತಲೆ ತಗ್ಗಿಸಿ ಇನ್ನೊಂದು ಕಾಯಿ ಎತ್ತಿಕೊಂಡಳು. ನಡುಮನೆಯ ಬಾಗಿಲಲ್ಲಿ ಕಲ್ಲೇಶಪ್ಪನವರ ಹೆಂಡತಿ ಶಾಂತಾದೇವಿ ಬಂದು ನಿಂತಿದ್ದರು. ಅವರು ಗಂಡನ ಮುಖವನ್ನೇ ನೋಡಿದರು. ಕಲ್ಲೇಶಪ್ಪನವರಿಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಕಾಯನ್ನು ಪಕ್ಕಕ್ಕಿಟ್ಟರು.

ಅಂಜಮ್ಮನ ಕಣ್ಣು ಕಣದ ಆಚೆ ತುದಿಗೆ ಹೋಯಿತು. ಹೋದ ವರ್ಷದ ಸಿಪ್ಪೆ ಕೊಳೆತು ಕಪ್ಪಾಗಿ ಬಿದ್ದಿತ್ತು. ಎಳೆಯ ಪ್ರಾಯದಲ್ಲಿ ಅವಳೂ ಬೇರೊಬ್ಬರ ಕಣದಲ್ಲಿ ಅಂಥದೇ ರಾಶಿಯ ಹಿಂದೆ ಗೋಡೆಯ ಕಡೆ ಮುಖ ಮಾಡಿ ನಿಂತು ಎದೆ ಹಿಂಡಿಕೊಂಡವಳೇ. ಬಿಳಿ ಹಾಲು ಸಿಪ್ಪೆಯ ಮೇಲೆ ಬಿದ್ದು ಇಂಗಿ ಹೋಗುತ್ತಿತ್ತು. ಆಗ ಅವಳ ಮಗ ಜಯಪ್ಪನಿಗೆ ಆರು ತಿಂಗಳು. ಸುಗ್ಗಿ ಮುಗಿಸಿ ಹಟ್ಟಿಗೆ ಬಂದು ಕೈ ಚಾಚಿದಾಗ ಅವನು ಅಜ್ಜಿಯ ಸೆರಗು ಹಿಡಿದು ಮುಖ ಮುಚ್ಚಿಕೊಂಡಿದ್ದ. ಅಡಿಕೆ ಕರೆ ಹಿಡಿದ ಕಪ್ಪು ಕೈ ನೋಡಿ ಹೆದರಿದ್ದಾನೆ ಎಂದು ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಕರೆ ಹೋದ ಮೇಲೂ ಅವನು ಬಹಳ ದಿನ ಅವಳ ಹತ್ತಿರ ಮಲಗಲಿಲ್ಲ. ಆಮೇಲೆ ತಾನೇ ಯಜಮಾನಿಯಾಗಿ, ಎಷ್ಟೋ ಬಾಣಂತಿಯರು ಆ ರಾಶಿಯ ಹಿಂದೆ ಹೋಗಿ ಬರುವುದನ್ನು ಬಾಗಿಲ ಪಕ್ಕದ ಕತ್ತಿಯ ಮುಂದೆ ಕೂತು ನೋಡಿದ್ದಳು. ಬೇಗ ಬಾ ಎಂದು ಕೂಗಿದ್ದೂ ಉಂಟು.

ಕಲ್ಲೇಶಪ್ಪನವರು ಜಗಲಿಯಿಂದ ಇಳಿದು ಬಂದರು. ಕಣದ ಪಕ್ಕದಲ್ಲೇ ಒಲೆಯ ಮೇಲೆ ಆಳೆತ್ತರದ ಹಂಡೆ ಕೂತಿತ್ತು. ಸುಲಿದ ಅಡಿಕೆ ಬೇಯುವ ಕೆಂಪು ಚೊಗರು ಕೊತಕೊತ ಕುದಿಯುತ್ತಿತ್ತು. ಇಳಿಸಿದ ಚೊಗರು ಕೆಳಗೆ ಅಗಲವಾದ ಕೊಪ್ಪರಿಗೆಯಲ್ಲಿ ಆರುತ್ತಿತ್ತು. ಅವರು ಕೊಪ್ಪರಿಗೆಯ ಕಡೆ ಕೈ ತೋರಿಸಿದರು. ಹೊನ್ನಾಳಿ ಕಡೆಯ ಗುಂಪು ಬರುತ್ತಿದ್ದ ಕಾಲದಲ್ಲಿ ಅಂಬೆಗಾಲಿಡುವ ಗಂಡು ಮಗುವೊಂದು ಆಡುತ್ತ ಆಡುತ್ತ ಅಲ್ಲಿಗೆ ಬಂದು ಮೊಳಕೈವರೆಗೆ ಕೈ ಅದ್ದಿತ್ತಂತೆ. ತಾಯಿ ಹತ್ತು ಹೆಜ್ಜೆ ದೂರದಲ್ಲಿ ಕತ್ತಿಯ ಮುಂದೆಯೇ ಇದ್ದಳು. ಇವರೇ ಅದನ್ನು ಎತ್ತಿಕೊಂಡು ಸಿಕ್ಕಿದ ಲಾರಿ ಹತ್ತಿ ಆಸ್ಪತ್ರೆಗೆ ಓಡಿದ್ದರು. ಜೀವ ಉಳಿಯಿತು, ಆದರೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು.

“ಆ ಕೂಗು ಇನ್ನೂ ನನ್ನ ಕಿವಿಯಾಗೈತೆ. ಕೆಲಸ ಕೆಡತೈತೆ ಅಂತ ನಾನು ಬ್ಯಾಡ ಅಂದಿದ್ದಲ್ಲವ್ವ. ಅದನ್ನ ಎಲ್ರಿಗೂ ಹೇಳ್ಕೊಂತ ಕೂತಿಲ್ಲ, ಅಷ್ಟೆ. ಈಗ ಹೇಳು. ನಿನ್ನ ಕಣ್ಣು ಕತ್ತಿ ಮೇಲೆ ಇರ್ಬೇಕು. ಇಲ್ಲಾಂದ್ರೆ ಬೆರಳು ಹೋಗತೈತೆ. ಈ ಕೂಸು ನಾಳೆ ಅಂಬೆಗಾಲಿಡತೈತೆ. ಇದರ ಮೇಲೆ ಯಾರ ಕಣ್ಣಿರತೈತೆ?”

ಸುಂಕಲಮ್ಮನ ಕೈ ನಿಂತಿತು. ಬಸ್ಸಿನಲ್ಲಿ ಕೂತು ಅವಳು ಏನೇನೋ ಯೋಚಿಸಿಕೊಂಡು ಬಂದಿದ್ದಳು. ಈ ಮಾತಿಗೆ ಮಾತ್ರ ಉತ್ತರ ತಂದಿರಲಿಲ್ಲ. ಗೋಣಿಯ ಮೇಲೆ ಕೂಸು ಎಚ್ಚರವಾಗಿ, ಮಗ್ಗುಲಾಗಿ, ಬಿದ್ದಿದ್ದ ಸಿಪ್ಪೆಯ ಕಡೆ ಕೈ ಚಾಚುತ್ತಿತ್ತು. ಅವಳು ಅದನ್ನು ಎತ್ತಿಕೊಂಡು ಏಳಲು ಹೊರಟಳು.

“ನನ್ನ ಕಣ್ಣಿರತೈತೆ,” ಎಂದಳು ಅಂಜಮ್ಮ.

ಎಲ್ಲರೂ ತಿರುಗಿ ನೋಡಿದರು. ಅಂಜಮ್ಮ ಆಗಲೇ ತಾನು ಆಡಿದ ಮಾತನ್ನು ಕೇಳಿಸಿಕೊಂಡವಳ ಹಾಗೆ ಸ್ವಲ್ಪ ತಡೆದು, ಆಮೇಲೆ ಮುಂದುವರಿಸಿದಳು.

“ಬಾಗಿಲ ಪಕ್ಕದ ಕತ್ತಿ ದ್ಯಾಮಮ್ಮಗೆ ಕೊಡ್ರಿ. ಗುಂಪನ್ನ ಅವಳು ನೋಡ್ಕೊಂತಾಳೆ, ನನಗಿಂತ ಬಾಯಿ ಜೋರೈತೆ. ನಾನು ಇದನ್ನ, ಇನ್ನೊಬ್ಬಳ ಕೂಸು ಬಂದ್ರೆ ಅದನ್ನೂ ಹಿಡ್ಕೊಂಡು ಒಂದು ಕಡೆ ಕೂತಿರ್ತೀನಿ. ಅದೇ ನನ್ನ ಕೆಲಸ, ಬೇರೆ ಏನೂ ಮುಟ್ಟಲ್ಲ.”

ಕತ್ತಿ ಹಿಡಿಯದವಳಿಗೆ ನಾನು ಏನು ಕೊಡಲಿ ಎಂದು ಕಲ್ಲೇಶಪ್ಪನವರು ಕೇಳಿದರು. ನೀವು ಕೊಡಬೇಡಿ, ಕೂಸಿನ ಅವ್ವಂದಿರು ನನ್ನ ಹೊಟ್ಟೆ ನೋಡಿಕೊಳ್ಳುತ್ತಾರೆ, ಹನ್ನೆರಡು ಜನಕ್ಕೆ ತಿರುವಿದ ಮುದ್ದೆಯಲ್ಲಿ ನನ್ನದೊಂದು ಮುದ್ದೆ ಆಗುತ್ತದೆ ಎಂದಳು ಅಂಜಮ್ಮ. ಇಷ್ಟು ವರ್ಷ ಯಜಮಾನಿಯಾಗಿದ್ದವಳು ಕೂಸು ತೂಗುತ್ತ ಕೂತರೆ ಹೆಂಗಸರು ಏನೆಂದಾರು ಎಂದು ಅವರು ಇನ್ನೊಮ್ಮೆ ಕೇಳಿದರು.

ಆಗ ಶಾಂತಾದೇವಿ ಬಾಗಿಲಿನಿಂದಲೇ ಹೇಳಿದರು. “ಹಿಂದಲ ಕೊಟ್ಟಿಗೆ ಖಾಲಿ ಐತಲ್ರೀ. ಒಲೆಗೂ ಅದಕ್ಕೂ ನಡುವೆ ಗೋಡೆ ಐತೆ. ತೊಲೆನೂ ಗಟ್ಟಿ ಐತೆ, ತೊಟ್ಟಿಲು ಕಟ್ಟಬಹುದು.”

ಕಲ್ಲೇಶಪ್ಪನವರು ಹೆಂಡತಿಯನ್ನು ನೋಡಿದರು, ಕೊಪ್ಪರಿಗೆಯನ್ನು ನೋಡಿದರು. ಇದೊಂದು ಸುಗ್ಗಿ ಆಗಲಿ ಎಂದರು. ಕೂಸುಗಳು ಕೊಟ್ಟಿಗೆ ದಾಟಿ ಈಚೆ ಬರುವಂತಿಲ್ಲ. ತಾಯಂದಿರೇ ಅಲ್ಲಿಗೆ ಹೋಗಿ ಹಾಲು ಕೊಟ್ಟು ಬರಬೇಕು. ಒಂದು ಕೂಸು ಕಣದಲ್ಲಿ ಕಣ್ಣಿಗೆ ಬಿದ್ದರೂ ಅವತ್ತೇ ಊರಿಗೆ ಕಳಿಸುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ ಎಂದರು. ಹೋಗುವಾಗ ಸುಂಕಲಮ್ಮ ಸುಲಿದಿದ್ದ ರಾಶಿಯಿಂದ ನಾಲ್ಕು ಬೆಟ್ಟೆ ಎತ್ತಿ ತಿರುಗಿಸಿ ನೋಡಿದರು. ಎಲ್ಲೂ ಕತ್ತಿಯ ಗಾಯ ಬಿದ್ದಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಂಜಮ್ಮ ಕೂಸನ್ನು ತಾನೇ ಎತ್ತಿಕೊಂಡಿದ್ದಳು. ತೊಡೆಯ ಮೇಲೆ ಮಲಗಿಸಿ ಮೆಲ್ಲಗೆ ತಟ್ಟುತ್ತಿದ್ದಳು.

“ನನ್ನ ಸಲುವಾಗಿ ಬಾಗಿಲ ಪಕ್ಕದ ಕತ್ತಿ ಬಿಟ್ಯಲ್ಲ, ದೊಡ್ಡವ್ವ,” ಎಂದಳು ಸುಂಕಲಮ್ಮ.

“ನಿನ್ನ ಸಲುವಾಗಿ ಅಲ್ಲ ಬಿಡೇ. ಕಣ್ಣು ಮಬ್ಬಾಗೈತೆ. ಇವತ್ತಲ್ಲ ನಾಳೆ ಬಿಡಾದೇ ಇತ್ತು.”

ಹಾಗೆ ಹೇಳುವಾಗ ತಟ್ಟುತ್ತಿದ್ದ ಕೈ ನಿಂತಿತು. ಸುಂಕಲಮ್ಮ ಅದನ್ನು ನೋಡಿದಳು. ಕಿಟಕಿಯಾಚೆ ಮುಖ ತಿರುಗಿಸಿದಳು.

ಹಟ್ಟಿಯಲ್ಲಿ ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಕೆಲವರಿಗೆ ನಂಬಿಕೆಯೇ ಬರಲಿಲ್ಲ. ಕೂಸಿನ ಕಾಟದಲ್ಲಿ ನಮ್ಮ ನಿದ್ದೆಯೂ ಕೆಡುತ್ತದೆ ಎಂದು ಗೊಣಗಿದವರೂ ಇದ್ದರು. ಅಂಜಮ್ಮ ಅವರ ಮಾತನ್ನೂ ಕೇಳಿಸಿಕೊಂಡಳು, ಕೂಸುಗಳೂ ತಾನೂ ಕೊಟ್ಟಿಗೆಯಲ್ಲೇ ಮಲಗುವುದೆಂದು ಹೇಳಿದಳು. ಅವಳ ಕತ್ತಿ ಖಾಲಿಯಾಗಿ ದ್ಯಾಮಮ್ಮ ಬಾಗಿಲ ಪಕ್ಕಕ್ಕೆ ಬಂದ ಮೇಲೆ ದ್ಯಾಮಮ್ಮನ ಕತ್ತಿ ಉಳಿಯಿತು. ಕೂಸಿದೆ ಎಂದು ಸೋಮವಾರ ಕಟ್ಟೆಯ ಕಡೆಗೇ ಬರದಿದ್ದ ಕೆಳಗಿನ ಓಣಿಯ ಒಬ್ಬ ಹೆಣ್ಣುಮಗಳು ಸಂಜೆ ಅಂಜಮ್ಮನ ಮನೆ ಬಾಗಿಲಿಗೆ ಬಂದು ನಿಂತಳು. ಅವಳ ಕಂಕುಳಲ್ಲಿ ಎಂಟು ತಿಂಗಳ ಗಂಡು. ಅಂಜಮ್ಮ ಮೊರ ತಂದು ಒಂದು ಹಿಡಿ ಶೇಂಗಾ ಹಾಕಿದಳು. ಕೂಸಿಗೆ ಹಾಲು ಬಿಡಿಸಿದ್ದೀಯಾ ಎಂದು ಕೇಳಲಿಲ್ಲ. ಅದಕ್ಕೆ ಏನು ಹೆಸರಿಟ್ಟಿದ್ದೀರಿ ಎಂದು ಕೇಳಿದಳು. ಹೆಸರು ಹೇಳುವಾಗ ಅವಳ ಕೈ ನಿಲ್ಲಲಿಲ್ಲ.

ಗಣೇಶನ ಹಬ್ಬ ಕಳೆದು ಮುಂದಿನ ವಾರದ ಗುರುವಾರ ಲಾರಿ ಬಂತು. ಹೆಂಗಸರು ರಾಗಿ ಹಿಟ್ಟಿನ ಗಂಟು, ಕಂಬಳಿ, ಖಾರದ ಪುಡಿಯ ಡಬ್ಬಿ ಎಲ್ಲ ಏರಿಸುತ್ತಿದ್ದರು. ದ್ಯಾಮಮ್ಮ ಡ್ರೈವರನ ಪಕ್ಕದ ಸೀಟು ಹಿಡಿದು ಕೂತಾಗಿತ್ತು.

“ಈಗ ನಾನು ಯಜಮಾನಿ, ದೊಡ್ಡವ್ವ. ಮುಂದಿನ ವರ್ಷ ಶೇಂಗಾ ನಮ್ಮನೆ ಮುಂದೆ ಸುಲೀಬೇಕು.”

“ಸುಲಿಸ್ಕೋ. ತಿನ್ನಾಕೆ ನಾನೂ ಬರ್ತೀನಿ,” ಎಂದಳು ಅಂಜಮ್ಮ.

ಸುಂಕಲಮ್ಮ ತುರುಬಿಗೆ ಮಲ್ಲಿಗೆ ಮುಡಿದಿದ್ದಳು. ತಿಪ್ಪೇಶಪ್ಪ ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟ. ಕೊಟ್ಟ ಮೇಲೂ ಅದರ ಕಾಲನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದ.

ಜಯಪ್ಪ ಮನೆಯಿಂದ ತೊಟ್ಟಿಲ ಹಗ್ಗ ತಂದ. ಈಗ ಅವನೇ ಎರಡು ಮಕ್ಕಳ ತಂದೆ. ಹಗ್ಗದ ಒಂದು ತುದಿಯನ್ನು ಲಾರಿಯ ಕೊಂಡಿಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ತನ್ನ ಮೈಭಾರ ಬಿಟ್ಟು ಜಗ್ಗಿ ನೋಡಿದ. ಮತ್ತೊಮ್ಮೆ ಜಗ್ಗಿದ. ಆಮೇಲೆ ಸುತ್ತಿ ಅವ್ವನ ಮಡಿಲಿಗೆ ಇಟ್ಟ.

“ಗಟ್ಟಿ ಐತೆ,” ಎಂದ.

ಆ ಗುರುವಾರ ಬಿಸಿಲೇರುವ ಮೊದಲು ಹಟ್ಟಿಯಿಂದ ಹೊರಟವರು ಹನ್ನೆರಡು ಕತ್ತಿಯ ಹೆಂಗಸರು, ಎರಡು ಕೂಸು, ಮತ್ತು ಹಗ್ಗದ ಸುರುಳಿ ಹಿಡಿದು ಹಿಂದುಗಡೆ ಕೂತಿದ್ದ ಅಂಜಮ್ಮ.